ಮಿಷನರಿಗಳು ಶಾಲೆ ತೆರೆದದ್ದು ಯಾಕೆ?

ನಾನು ಮಂಗಳೂರಿನವಳು, ಇತಿಹಾಸ ಪಾಠ ಮಾಡುವವಳು ಅಂತ ಗೊತ್ತಾದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಬಾಸೆಲ್ ಮಿಷನ್ನಿನವರು ಶಾಲೆ ತೆರೆದದ್ದು ವಿದ್ಯೆ ಕಲಿಸಲಿಕ್ಕೋ, ಮತಾಂತರ ಮಾಡಲಿಕ್ಕೋ?" ಯಾವ ಉತ್ತರ ಬೇಕಾಗಿದೆ ಅನ್ನುವುದು ಕೇಳುವ ಧಾಟಿಯಲ್ಲೇ ಇರುತ್ತದೆ.

ಮತಾಂತರಕ್ಕೇ. ಅವರೇನೂ ಅದನ್ನು ಮುಚ್ಚಿಟ್ಟವರಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಕ್ರೈಸ್ತ ಸಂಸ್ಥೆಯಿಂದ ಮಂಗಳೂರಿಗೆ ಬಂದವರು ಸುವಾರ್ತೆ ಸಾರಲಿಕ್ಕೆಂದೇ ಬಂದವರು. ಬೈಬಲ್ ಓದಲು ಅಕ್ಷರ ಬೇಕು, ಅಕ್ಷರಕ್ಕೆ ಶಾಲೆ, ಶಾಲೆಗೆ ಪುಸ್ತಕ, ಪುಸ್ತಕಕ್ಕೆ ಅಚ್ಚುಕೂಟ. ಊರಿಗೂ ಇದು ತಿಳಿದಿತ್ತು. 1844ರಲ್ಲಿ ಸಾರಸ್ವತರ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಹಾಗಾಗಿ "ಬರೀ ಸೇವೆ" ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೆ ಉತ್ತರವನ್ನು ಅಲ್ಲಿಗೇ ಮುಗಿಸಿದರೆ ಅದೇ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಅವರನ್ನು ಏನು ಮಾಡುವುದು? 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದವರು ಅವರು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅಚ್ಚುಮೊಳೆಯಲ್ಲ, ಕಲ್ಲಚ್ಚು. ಕೈಯಲ್ಲಿ ಬರೆದ ಅಕ್ಷರವನ್ನೇ ಕಲ್ಲಿಗೆ ಇಳಿಸಿ ಒತ್ತಿದ್ದು. ಆ ಪುಟಗಳ ಚಿತ್ರ ನೋಡಿದರೆ ಪತ್ರಿಕೆ ಅನ್ನಿಸುವುದೇ ಇಲ್ಲ, ಯಾರೋ ನಿಧಾನವಾಗಿ ಕೂತು ಬರೆದ ಕಾಗದ ಅನ್ನಿಸುತ್ತದೆ. (ಮರುವರ್ಷ ಪತ್ರಿಕೆ ಮೊಳೆಯಿದ್ದ ಬಳ್ಳಾರಿಗೆ ಹೋಯಿತು.)

ಅದೇ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕೃಷ್ಣನನ್ನು ಬಿಟ್ಟು ಬನ್ನಿ ಎಂದು ಸಾರುವವರು ಕೃಷ್ಣನ ಪದಗಳನ್ನೇ ಪುಸ್ತಕ ಮಾಡಿದ್ದು! ಬಸವಪುರಾಣ, ಜೈಮಿನಿ ಭಾರತಗಳಿಗೂ ಅದೇ ಕೈ ತಾಗಿತು. ಜನರ ಮನಸ್ಸು ಹೊಗಬೇಕಾದರೆ ಅವರ ಮಾತು ಬರಬೇಕು ಅನ್ನುವುದು ಲೆಕ್ಕಾಚಾರ, ಸರಿ. 1853ರಲ್ಲಿ ಇದೇ ಮಿಷನ್ನಿಗೆಂದು ಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದ, ನಡುನಡುವೆ ಹೆಕ್ಕಿ ತಂದ ಗಾದೆಗಳು. ಸುವಾರ್ತೆ ಸಾರಲಿಕ್ಕೆ ಅಷ್ಟೊಂದು ಕನ್ನಡ ಬೇಡ.

ಇನ್ನೊಂದು ಪ್ರಶ್ನೆಯನ್ನು ಮಾತ್ರ ನನ್ನನ್ನು ಯಾರೂ ಕೇಳಿಲ್ಲ: ಆಗ ಬೇರೆ ಯಾವ ಶಾಲೆ ಯಾರಿಗೆ ತೆರೆದಿತ್ತು? 1856ರ ಜೂನ್ ತಿಂಗಳಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗಲಿಲ್ಲ, ಆಗ ಧಾರವಾಡವನ್ನು ಆಳುತ್ತಿದ್ದ ಮುಂಬೈ ಸರಕಾರಕ್ಕೇ ಅರ್ಜಿ ಹಾಕಿದ. ಇವನೊಬ್ಬನನ್ನು ಸೇರಿಸಿಕೊಂಡರೆ ಮಿಕ್ಕವರು ಶಾಲೆ ಬಿಟ್ಟಾರು ಅಂತ ಸರಕಾರ ಕೈಚೆಲ್ಲಿತು. ಸರಕಾರಿ ಶಾಲೆ ಎಲ್ಲ ಜಾತಿಯವರಿಗೂ ಸೇರಿದ್ದು ಎಂದು ಆಮೇಲೆ ಲಂಡನ್ನಿನಿಂದ ಹೇಳಿಸಬೇಕಾಯಿತು.

ಬಾಸೆಲ್ ಮಿಷನ್ ಜಾತಿಯನ್ನು ಒಪ್ಪುತ್ತಿರಲಿಲ್ಲ. ಅದಕ್ಕೂ ಅವರ ಮತವೇ ಕಾರಣ, ಇರಲಿ. ಅರ್ಜಿ ವಾಪಸ್ ಬಂದ ದಿನ ಆ ಹುಡುಗನ ಮನೆಗೆ ಹೋಗಿ, "ಮಿಷನ್ ಶಾಲೆಗೆ ಮಾತ್ರ ಹೋಗಬೇಡಪ್ಪ, ಅವರ ಉದ್ದೇಶ ಸರಿಯಿಲ್ಲ" ಅಂತ ಹೇಳುವ ಬಾಯಿ ನನಗಂತೂ ಇಲ್ಲ.