ಹದಿನೆಂಟರ ಹುಡುಗಿ, ಹತ್ತು ಪಂದ್ಯ

2021ರ ಯುಎಸ್ ಓಪನ್ ಟೆನಿಸ್ ಫೈನಲ್ ನೋಡುವಾಗ ನನ್ನ ಅಂಗೈ ಬೆವರಿತ್ತು. ಬ್ರಿಟನ್ನಿನ ಎಮ್ಮಾ ರಾಡುಕಾನುಗೆ ಆಗ 18. ಅರ್ಹತಾ ಸುತ್ತಿನಿಂದ ಬಂದು 10 ಪಂದ್ಯ ಗೆದ್ದಳು, ಒಂದು ಸೆಟ್ಟೂ ಬಿಟ್ಟುಕೊಡಲಿಲ್ಲ. ಕೊನೆಯ ಗೇಮಿನಲ್ಲಿ ಮೊಣಕಾಲು ತರಚಿ ರಕ್ತ ಬಂತು. ಪಟ್ಟಿ ಹಾಕಿಸಿಕೊಂಡು ಎದ್ದವಳು ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) ಹೊಡೆದೇ ಮುಗಿಸಿದಳು.

ಆಮೇಲಿನದ್ದು ನೆನೆದರೆ ಸಂಕಟ. ಗೆದ್ದ ರ‍್ಯಾಂಕಿಂಗ್ ಅಂಕ 52 ವಾರಕ್ಕೆ ಉದುರಿಹೋಗುತ್ತೆ. ಮರುವರ್ಷ ಅಲ್ಲೇ ಮೊದಲ ಸುತ್ತಿನಲ್ಲಿ ಸೋತಳು. 2023ರಲ್ಲಿ ಎರಡೂ ಮಣಿಕಟ್ಟಿಗೆ, ಒಂದು ಕಣಕಾಲಿಗೆ ಆಪರೇಷನ್. ಇಪ್ಪತ್ತು ವರ್ಷಕ್ಕೆ ಇಷ್ಟೆಲ್ಲ ಜಾಸ್ತಿ ಅಲ್ವಾ?

ನಾನೂ ಹದಿನಾರರವರೆಗೆ ಜೂನಿಯರ್ ಟೂರ್ನಿ ಆಡಿದವಳು. ಸೋತ ರಾತ್ರಿ ರಾಕೆಟ್ಟಿನ ಗ್ರಿಪ್ ಬಿಚ್ಚಿ, ಮತ್ತೆ ಸುತ್ತಿ, ಸುಮ್ನೆ ಕೂತಿರುತ್ತಿದ್ದೆ. ಅಪ್ಪ ಖರ್ಚಿನ ಮಾತೇ ಎತ್ತುತ್ತಿರಲಿಲ್ಲ. ಅದೇ ದೊಡ್ಡ ಭಾರ.

ಎಮ್ಮಾ ಪಂದ್ಯ ಇದ್ದರೆ ಈಗಲೂ ಅಲಾರಂ ಇಟ್ಟು ಏಳುತ್ತೇನೆ.