ಆ ಕಡೆಯವ ಕುಡ್ದಿದ್ದ

ಪೆನ್ಶನ್ ಕಾಗದದ ಕೆಲಸಕ್ಕೆಂದು ಸೋಮವಾರ ಕಾರವಾರಕ್ಕೆ ಬಂದ ಸೋದರಮಾವ ಶನಿವಾರವಾದರೂ ನಮ್ಮನೆಯಲ್ಲೇ ಇದ್ದರು. ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದು ಶಿರಸಿ ದಾರಿ ಬಂದ್. ಸುತ್ತು ಹಾಕಿ ಹೋಗಬಹುದಿತ್ತು, ಆದರೆ ಬಸ್ ಚಾರ್ಜು ಜಾಸ್ತಿಯಾಗುತ್ತದೆಂದು ಮಾವ ಒಪ್ಪಲಿಲ್ಲ. ಕೈ ಬಿಗಿ ಮನುಷ್ಯ. ಆಟೋ ನಿಂತ ಕೂಡಲೇ ಇವರ ಕೈ ಜೇಬಿಗೆ ಹೋಗುತ್ತದೆ, ಹೊರಗೆ ಬರುವಾಗ ಮಾತ್ರ ಬರೀ ಕರವಸ್ತ್ರ.

ಜಿಲ್ಲೆಗೆ ರೆಡ್ ಅಲರ್ಟ್, ಮಕ್ಕಳಿಗೆ ರಜೆ, ಅಂಗಳದಲ್ಲಿ ಕಾಲಿಡುವ ಹಾಗಿಲ್ಲ. ಹಲಸಿನ ಹಪ್ಪಳ ಕರಿದು, ಕಾಯಿಚೂರು ಇಟ್ಟುಕೊಂಡು, 'ಡಾ. ಸ್ಟ್ರೇಂಜ್‌ಲವ್' ಹಾಕಿದೆ. 1964ರ ಸಿನಿಮಾ. ಪೀಟರ್ ಜಾರ್ಜ್ ಬರೆದ ಯಾವ ಕಾದಂಬರಿಯಿಂದ ಇದು ಬಂತೋ ಅದರ ಹೆಸರೂ 'ರೆಡ್ ಅಲರ್ಟ್' ಎಂದು ಹೇಳಿ ಮಾವನನ್ನು ನಗಿಸಲು ನೋಡಿದೆ. ಅವರು ಹಪ್ಪಳ ಮುರಿದರು, ಅಷ್ಟೇ. ಮಗ "ಬ್ಲ್ಯಾಕ್ ಆಂಡ್ ವೈಟಾ?" ಎಂದು ಎದ್ದು ಹೋದ. ಹೋಗಲಿ.

ತಲೆ ಕೆಟ್ಟ ಒಬ್ಬ ಜನರಲ್ ಯಾರನ್ನೂ ಕೇಳದೆ ರಷ್ಯಾದ ಮೇಲೆ ಬಾಂಬರ್ ವಿಮಾನಗಳನ್ನು ಬಿಡುತ್ತಾನೆ. ಕುಡಿಯುವ ನೀರಿಗೆ ಫ್ಲೋರೈಡ್ ಹಾಕುವುದು ಕಮ್ಯುನಿಸ್ಟರ ಸಂಚು ಎಂಬುದು ಅವನ ನಂಬಿಕೆ. ಹಾಗಾಗಿ ಭಟ್ಟಿ ಇಳಿಸಿದ ನೀರು, ಮಳೆನೀರು, ಶುದ್ಧ ಮದ್ಯ ಬಿಟ್ಟು ಬೇರೇನೂ ಮುಟ್ಟುವವನಲ್ಲ. ಸ್ಟರ್ಲಿಂಗ್ ಹೇಡನ್ ಇದನ್ನು ಚುಟ್ಟಾ ಕಚ್ಚಿಕೊಂಡು, ದೇವರ ಮುಂದೆ ಪ್ರಮಾಣ ಮಾಡುವವನ ಹಾಗೆ ಹೇಳುತ್ತಾನೆ. ಮಾವ ಕಿಟಕಿಯ ಕಡೆ ನೋಡಿದರು. "ಅವಂಗೆ ಇಲ್ಲಿಗೆ ಬಂದು ಇರಲೆ ಹೇಳು ತಮಾ, ಮಳೆನೀರಿಗೆಂತ ಬರಗಾಲ."

ಆಮೇಲೆ ಬಂತು ಫೋನಿನ ದೃಶ್ಯ. ವಾರವಿಡೀ ತಲೆಯಲ್ಲಿ ಸುತ್ತುತ್ತಿರುವುದು ಅದೇ. ಅಮೆರಿಕದ ಅಧ್ಯಕ್ಷ ರಷ್ಯಾದ ಪ್ರಧಾನಿಗೆ ಫೋನ್ ಮಾಡಿ, ನಮ್ಮವನೊಬ್ಬ ಹೀಗೊಂದು ಎಡವಟ್ಟು ಮಾಡಿಬಿಟ್ಟಿದ್ದಾನೆ ಎಂದು ತಿಳಿಸಬೇಕು. ಪೀಟರ್ ಸೆಲ್ಲರ್ಸ್ ಅದನ್ನು, ನಮ್ಮ ದನ ನಿಮ್ಮ ತೋಟಕ್ಕೆ ನುಗ್ಗಿತು ಎಂದು ಪಕ್ಕದ ಮನೆಯವನಿಗೆ ಹೇಳುವ ಧಾಟಿಯಲ್ಲಿ ಹೇಳುತ್ತಾನೆ. ಯಾರು ಹೆಚ್ಚು ಬೇಜಾರು ಮಾಡಿಕೊಂಡವರು ಎಂಬುದಕ್ಕೂ ಅಲ್ಲೊಂದು ಸಣ್ಣ ಜಗಳ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮಾವ ನಗಲಿಲ್ಲ. ಕಿವಿ ಮುಂದೆ ಚಾಚಿ ಕೂತಿದ್ದರು.

"ಆ ಕಡೆಯವ ಕುಡ್ದಿದ್ದ" ಎಂದರು.

ಹೌದು, ಕುಡಿದಿದ್ದಾನೆ. ಆದರೆ ಆ ಕಡೆಯ ದನಿ ನಮಗೆ ಒಂದು ಸಲವೂ ಕೇಳಿಸುವುದಿಲ್ಲ. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನಾನಿನ್ನೂ ಅರ್ಥ ಹೇಳಿರಲಿಲ್ಲ. ನೇರವಾಗಿ ನಂಬರ್ ತಿರುಗಿಸುವ ಎಸ್‌ಟಿಡಿ ಬರುವ ತನಕ ಅವರು, ದೂರದೂರಿನ ಕರೆ ಜೋಡಿಸಿಕೊಡುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಈಚೆ ಕಡೆಯವ ಮಾತು ನಿಧಾನ ಮಾಡಿದ, ಒಂದೇ ಮಾತನ್ನು ಎರಡು ಸಲ ಹೇಳಿದ, ಮಗುವಿಗೆ ಹೇಳಿದ ಹಾಗೆ ಹೇಳಿದ ಅಂದರೆ ಆಚೆ ಕಡೆ ಎಂಥ ಸ್ಥಿತಿ ಎಂಬುದು ಅವರಿಗೆ ಗೊತ್ತು. ನಾಲ್ಕೈದು ಸಲ ಈ ಸಿನಿಮಾ ನೋಡಿದ ನಾನು ಸೆಲ್ಲರ್ಸ್ ಆಡುವ ಮಾತಿಗೇ ನಗುತ್ತಾ ಬಂದವನು. ಅವನು ಕೇಳಿಸಿಕೊಳ್ಳುವುದನ್ನು ನೋಡಿರಲೇ ಇಲ್ಲ. ಅವನ ಮೌನದಲ್ಲಿ ಇನ್ನೊಂದು ಪಾತ್ರವೇ ಕೂತಿದೆ. ವೇಷ, ಕುಣಿತ ಇಲ್ಲದೆ ಬರೀ ಮಾತಿನಲ್ಲೇ ನಡೆಯುವ ತಾಳಮದ್ದಲೆಯಲ್ಲಿ ಎದುರಿನವನ ಅರ್ಥ ಕೇಳಿಸಿಕೊಳ್ಳಲು ಬಾರದ ಅರ್ಥಧಾರಿ ಎಷ್ಟು ಮಾತಾಡಿದರೂ ಅಷ್ಟೇ, ಎಂದು ಮಾವ ಎಷ್ಟೋ ಸಲ ಅಂದದ್ದಿದೆ.

ಅವರು ನಿಜಕ್ಕೂ ನಕ್ಕದ್ದು ಬೇರೆ ಕಡೆ. ವಿಮಾನಗಳನ್ನು ವಾಪಸ್ ಕರೆಸುವ ಗುಟ್ಟಿನ ಅಕ್ಷರಗಳು ಬ್ರಿಟಿಷ್ ಅಧಿಕಾರಿ ಮ್ಯಾಂಡ್ರೇಕನಿಗೆ ಸಿಕ್ಕಿವೆ. ಇದೂ ಸೆಲ್ಲರ್ಸೇ. ಉಳಿದಿರುವುದು ಕಾಯಿನ್ ಹಾಕುವ ಫೋನ್ ಒಂದೇ, ಜೇಬಿನಲ್ಲಿ ಚಿಲ್ಲರೆ ಸಾಲದು. ಆಚೆಯವರೇ ದುಡ್ಡು ಕೊಡುವ ಕಲೆಕ್ಟ್ ಕಾಲ್ ಮಾಡಿ ಎಂದರೆ, ಅಧ್ಯಕ್ಷ ಕೂತಿರುವ ಸೇನಾ ಕಚೇರಿ ಪೆಂಟಗನ್ ಒಪ್ಪುವುದಿಲ್ಲ. ಕೊನೆಗೆ ಆಪರೇಟರ್ ಹತ್ತಿರ, ಸಾಧಾರಣ ಟ್ರಂಕ್ ಕಾಲ್ ಆದರೂ ಆದೀತೇ ಎಂದು ಗೋಗರೆಯುತ್ತಾನೆ. 'ಟ್ರಂಕ್ ಕಾಲ್' ಎಂಬ ಎರಡು ಶಬ್ದ ಕಿವಿಗೆ ಬಿದ್ದದ್ದೇ ಮಾವ ನೆಟ್ಟಗೆ ಕೂತರು. ಅರ್ಥ ಹೇಳಿದೆ. ನಕ್ಕು ನಕ್ಕು ಕೆಮ್ಮು ಬಂತು. "ಲೈಟ್ನಿಂಗ್ ಕಾಲ್ ಹಾಕಕಾಗಿತ್ತು! ಎಂಟು ಪಟ್ಟು ಚಾರ್ಜು!" ಎಲ್ಲಕ್ಕಿಂತ ಮೊದಲು ಜೋಡಿಸಿಕೊಡುತ್ತಿದ್ದ ಕರೆ ಅದು. ಸಾವಿನ ಸುದ್ದಿ ಮುಟ್ಟಿಸಬೇಕಾದವರೂ ಆರ್ಡಿನರಿಯೋ ಅರ್ಜೆಂಟೋ ಎಂದು ಕೌಂಟರಿನಲ್ಲಿ ನಿಂತು ಲೆಕ್ಕ ಹಾಕುತ್ತಿದ್ದದ್ದನ್ನು ಆಮೇಲೆ ಹೇಳಿದರು. ಅದನ್ನೂ ನಗುತ್ತಲೇ ಹೇಳಿದರು. ನನಗೆ ಆಗ ನಗು ಬರಲಿಲ್ಲ.

ಇನ್ನೊಬ್ಬ ಜನರಲ್ ಆದ ಜಾರ್ಜ್ ಸಿ. ಸ್ಕಾಟ್ ಮಾವನಿಗೆ ಅಷ್ಟು ಹಿಡಿಸಲಿಲ್ಲ, "ಕುಣಿತ ಜಾಸ್ತಿ ಆತು" ಎಂದರು. ಇದು ಬರೀ ಅಭ್ಯಾಸ ಎಂದು ಹೇಳಿ ನಿರ್ದೇಶಕ ಕುಬ್ರಿಕ್ ಅವನಿಂದ ಅತಿಯಾಗಿ ಮಾಡಿಸಿ, ಕೊನೆಗೆ ಆ ತುಣುಕುಗಳನ್ನೇ ಸಿನಿಮಾಕ್ಕೆ ಇಟ್ಟನಂತೆ. ಮಾತಾಡುತ್ತಾ ಮುಗ್ಗರಿಸಿ ಲಾಗ ಹೊಡೆದು, ಎದ್ದು ಅದೇ ಮಾತು ಮುಂದುವರಿಸುತ್ತಾನಲ್ಲ, ಅದೂ ಆಕಸ್ಮಿಕವೇ ಅಂತೆ. ನನಗಂತೂ ಆ ಬೀಳುವಿಕೆಯೇ ಇಷ್ಟ. ಈ ವಿಷಯದಲ್ಲಿ ಮಾವನ ಮಾತು ಕೇಳುವುದಿಲ್ಲ.

ಕೊನೆಗೆ ಗಾಲಿಕುರ್ಚಿಯ ವಿಜ್ಞಾನಿ ಸ್ಟ್ರೇಂಜ್‌ಲವ್, ಸೆಲ್ಲರ್ಸ್‌ನ ಮೂರನೆಯ ವೇಷ. ಅವನ ಬಲಗೈ ಅವನ ಮಾತು ಕೇಳುವುದಿಲ್ಲ. ತಾನಾಗಿ ನಾಜಿ ಸೆಲ್ಯೂಟ್ ಹೊಡೆಯಲು ಏಳುತ್ತದೆ. ಎಡಗೈಯಿಂದ ಒತ್ತಿ ಹಿಡಿದರೆ ತಿರುಗಿ ಅವನದೇ ಕುತ್ತಿಗೆ ಅಮುಕುತ್ತದೆ. ಮಾವ ಹಪ್ಪಳ ಕೆಳಗಿಟ್ಟರು.

"ಇಂವ ನಮ್ಮ ಭಸ್ಮಾಸುರ ಅಲ್ದನ?"

ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರನನ್ನು ರಾತ್ರಿಯಿಡೀ ಕೂತು ನೋಡಿದ ಕಣ್ಣು ಅದು. ಮೋಹಿನಿ ಕುಣಿದಂತೆ ಕುಣಿಯುತ್ತಾ ಕುಣಿಯುತ್ತಾ ಕೈ ನೆತ್ತಿಯ ಹತ್ತಿರ ಬರುವ ಆ ಕ್ಷಣ, ಸಭೆಯವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. "ಹಿಂದೆ ನಿಂತಂವ ನಗು ತಡಕಂಬಲೆ ಒದ್ದಾಡ್ತಾ ಇದ್ದ, ನೋಡು" ಎಂದೂ ತೋರಿಸಿದರು. ನಿಜ, ರಷ್ಯಾದ ರಾಯಭಾರಿಯಾದ ಪೀಟರ್ ಬುಲ್ ತುಟಿ ಬಿಗಿಹಿಡಿದು ನಿಂತಿದ್ದಾನೆ. ರಂಗದ ಮೇಲೆ ಸಂಗಡಿಗನೇ ನಗುವಂತೆ ಮಾಡಿದ ವೇಷಧಾರಿ ದೊಡ್ಡವನು ಎಂಬುದು ಮಾವನ ತೀರ್ಪು.

ಬಾಂಬುಗಳು ಒಂದರ ಮೇಲೊಂದು ಸಿಡಿಯುತ್ತವೆ, ಮತ್ತೆ ಸಿಗೋಣ ಎಂದು ಹೆಂಗಸೊಬ್ಬಳು ಇಂಪಾಗಿ ಹಾಡುತ್ತಾಳೆ. ಪರದೆ ಕಪ್ಪಾಯಿತು. ಹೊರಗೆ ಮಳೆ. ಈಚೆ ಅರ್ಗಾದಲ್ಲಿ ನೌಕಾನೆಲೆ, ಆಚೆ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕ, ಕಡಲತೀರದಲ್ಲಿ ಮಕ್ಕಳು ಹತ್ತಿ ಇಳಿಯುವ ಚಾಪೆಲ್ ಎಂಬ ಹಳೆ ಯುದ್ಧನೌಕೆ. ಇವುಗಳ ನಡುವೆ ಇದ್ದುಕೊಂಡು ನಾವು ಯಾವಾಗಲೂ ಮಾತಾಡುವುದು ಮೀನಿನ ರೇಟು. ನಾನು ಇದನ್ನೆಲ್ಲ ಗಂಭೀರವಾಗಿ ಹೇಳಲು ಹೊರಟೆ. ಮಾವ ಆಕಳಿಸಿದರು.

ಬೆಳಿಗ್ಗೆ ಕುಮಟೆಯ ಪರಿಚಯದ ಡ್ರೈವರನಿಗೆ ಫೋನ್ ಮಾಡಿ, ಘಟ್ಟ ತೆರೆಯಿತಾ ಎಂದು ಕೇಳಿದೆ. ಹ್ಞೂಂ, ಹೌದಾ, ಹಾಗಾದ್ರೆ, ಸರಿ ಸರಿ ಎಂದು ಇಟ್ಟೆ. ಜಗಲಿಯಲ್ಲಿ ಕವಳ ಹಾಕುತ್ತಿದ್ದ ಮಾವ ತಲೆ ಎತ್ತಲಿಲ್ಲ.

"ಅವಂಗೂ ಗೊತ್ತಿಲ್ಲೆ. ಮಧ್ಯಾಹ್ನದ ಊಟಕ್ಕೆ ನನ್ನ ಲೆಕ್ಕ ಹಿಡಿಲೆ ಹೇಳು."