ಆವರಿಕೆ ಬೀಜ ಮೊಳೆಯದಿದ್ದರೆ ಮಣ್ಣನ್ನು ದೂರಬೇಡಿ

ಬಯಲುಸೀಮೆಯ ಕಲ್ಲುನೆಲದಲ್ಲಿ ಯಾರೂ ನೀರು ಹಾಕದೆ ಹಳದಿ ಹೂ ತುಂಬಿಕೊಳ್ಳುವ ಆವರಿಕೆ, ಕೆಲವರ ಬಾಯಲ್ಲಿ ತಂಗಡಿ, ನರ್ಸರಿಗೆ ಬಂದರೆ ಮಾತ್ರ ಹಟ ಹಿಡಿಯುತ್ತದೆ. ಬಿತ್ತಿ ತಿಂಗಳಾದರೂ ಚೀಲ ಖಾಲಿ. ಕಾರಣ ಬೀಜದ ಸಿಪ್ಪೆ: ನೀರು ಒಳಗೆ ಇಳಿಯುವುದೇ ಇಲ್ಲ.

ಕಾಯಿ ಕಂದು ತಿರುಗಿ ಕಾಗದದ ಹಾಗೆ ಸದ್ದು ಮಾಡುವಾಗ ಕೀಳಬೇಕು. ಆವರಿಕೆ ಕಾಯಿ ಚಪ್ಪಟೆ. ಕೋಲಿನಂತೆ ದುಂಡಗಿನ ಕಾಯಿ ಕಂಡರೆ ಬಿಟ್ಟುಬಿಡಿ, ಅದು ಬಂಡೀಪುರದ ಕಾಡನ್ನು ಆವರಿಸುತ್ತಿರುವ ಹೊರನಾಡಿನ ಹಳದಿ ಹೂವಿನ ಮರ ಸೆನ್ನಾ ಸ್ಪೆಕ್ಟಾಬಿಲಿಸ್ ಇರಬಹುದು. ಗಿಡದಲ್ಲೂ ಗುರುತಿದೆ: ಎಲೆದಂಟಿನ ಬುಡದಲ್ಲಿ ಕಿವಿಯಂಥ ಅಗಲವಾದ ಎರಡು ಪುಟ್ಟ ಎಲೆ. ಆವರಿಕೆಯ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ; ಆರಿಕ್ಯುಲೇಟಾ ಎಂಬುದು ಬಂದದ್ದು ಆ ಕಿವಿಯಿಂದಲೇ.

ಬಿಡಿಸಿದ ಬೀಜವನ್ನು ತಣ್ಣೀರಿಗೆ ಹಾಕಿ, ತೇಲುವ ಜೊಳ್ಳನ್ನೂ ಹುಳು ಕೊರೆದು ತೂತಾದದ್ದನ್ನೂ ತೆಗೆಯಿರಿ. ಆಮೇಲೆ ಬಿಸಿನೀರು. ಒಂದು ಲೋಟ ಬೀಜಕ್ಕೆ ಐದು ಲೋಟ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ಸುರಿದು, ರಾತ್ರಿಯಿಡೀ ಹಾಗೇ ಆರಲು ಬಿಡಬೇಕು. ಒಲೆಯ ಮೇಲಿಟ್ಟೇ ಕುದಿಸಿದರೆ ಬೀಜ ಬೆಂದಂತೆಯೇ ಲೆಕ್ಕ. ಬೆಳಿಗ್ಗೆ ಉಬ್ಬಿದವನ್ನು ಅಂದೇ ಬಿತ್ತಿ. ಇನ್ನೂ ಗಟ್ಟಿಯಾಗಿ ಉಳಿದದ್ದನ್ನು ಮರಳುಕಾಗದಕ್ಕೆ ಒಂದು ಕಡೆ ಉಜ್ಜಿ ಮತ್ತೆ ನೆನೆಸಿ. ಮೊಳಕೆ ಬರುವ ತುದಿಯನ್ನು ಮಾತ್ರ ಮುಟ್ಟಬೇಡಿ.

ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಕಾಂಪೋಸ್ಟ್ ಒಂದು. ಚೀಲಕ್ಕೆ ಎರಡು ಬೀಜ, ಒಂದು ಸೆಂಟಿಮೀಟರ್ ಆಳ. ಬೇಳೆಕಾಳಿನ ಕುಲವೆಂದು ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಹಚ್ಚುವವರಿದ್ದಾರೆ. ವ್ಯರ್ಥ ಖರ್ಚು, ಈ ಜಾತಿಯ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ.

ನೀರು ಹೆಚ್ಚಾದರೆ ಎಳೆ ಸಸಿಯ ಬುಡ ಕೊಳೆತು ಮಗುಚುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಅದಕ್ಕಿಂತ ದೊಡ್ಡ ತೊಂದರೆ ತಾಯಿಬೇರು. ಅದು ಚೀಲದ ತೂತಿನಿಂದ ನೆಲಕ್ಕಿಳಿದರೆ, ಎತ್ತುವಾಗ ಕಿತ್ತುಹೋಗಿ ಹಸಿರಾಗಿದ್ದ ಸಸಿ ಸಂಜೆಗೇ ಬಾಡುತ್ತದೆ. ಎರಡು ವಾರಕ್ಕೊಮ್ಮೆ ಚೀಲಗಳನ್ನು ಜರುಗಿಸಿ, ಮುಂಗಾರು ಹಿಡಿದ ಕೂಡಲೇ ನೆಡಿ. ಬೇಲಿಸಾಲಿಗಾದರೆ ಚೀಲವೇ ಬೇಡ, ಉಬ್ಬಿದ ಬೀಜವನ್ನು ನೇರ ಬಿತ್ತುವುದೇ ವಾಸಿ.

ಎಲೆಯಲ್ಲಿ ಹಸಿರು ಹುಳು ಕಂಡರೆ ಅದು ಸಾಮಾನ್ಯವಾಗಿ ತಿಳಿಹಳದಿ ಚಿಟ್ಟೆಯ ಮರಿ. ಎಳೆ ಸಸಿಯಿಂದ ಕೈಯಲ್ಲೇ ಆರಿಸಿ ದೊಡ್ಡ ಗಿಡಕ್ಕೆ ಬಿಡಿ. ಹೂ ಬಿಟ್ಟ ಗಿಡಕ್ಕಂತೂ ಔಷಧಿ ಹೊಡೆಯಬೇಡಿ: ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದ ಪುಡಿ ಉದುರಬೇಕಾದರೆ ದುಂಬಿ ಬಂದು ಗುಂಯ್‌ಗುಟ್ಟಿ ಅಲುಗಿಸಬೇಕು. ದುಂಬಿ ಸತ್ತರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರಬೇಕು?